ಮಗನಿಗೆ ಶಾಲೆ, ಮಡದಿಗೆ ಪಿಂಚಣಿ

2017ರ ನವೆಂಬರ್‌ವರೆಗೂ ನಮ್ಮ ದೇಶದಲ್ಲಿ ಒಂದು ನಿಯಮ ಇತ್ತು. ಶೌರ್ಯ ಪ್ರಶಸ್ತಿ ಪಡೆದ ಯೋಧ ತೀರಿಕೊಂಡರೆ, ಆ ಪ್ರಶಸ್ತಿಗೆ ಸಿಗುವ ಮಾಸಿಕ ಭತ್ಯೆ ಅವನ ಹೆಂಡತಿಗೆ ಬರುತ್ತಿತ್ತು. ಆಕೆ ಮರುಮದುವೆಯಾದರೆ ನಿಂತುಹೋಗುತ್ತಿತ್ತು. 1995ರಲ್ಲಿ ಇದಕ್ಕೊಂದು ವಿನಾಯಿತಿ ಕೊಟ್ಟರು. ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಭತ್ಯೆ ಮುಂದುವರಿಯುತ್ತದೆ ಅಂತ! ಯಾರನ್ನು ಮದುವೆಯಾದರೂ ಭತ್ಯೆ ಅವಳದೇ ಅಂತ ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು 2017ರಲ್ಲಿ.

ಈ ಒಂದು ನಿಯಮ ನೋಡಿದರೆ ಸಾಕು, ಸೈನಿಕನ ಹೆಂಡತಿಯನ್ನು ಸರ್ಕಾರ ಹೇಗೆ ಕಂಡಿತು ಅನ್ನೋದು ಗೊತ್ತಾಗುತ್ತದೆ. ಅವಳು ಆ ಮನೆಯ ಸೊಸೆ, ಆ ಮಕ್ಕಳ ತಾಯಿ. ಅವಳೇ ಓದಬಹುದು, ಅವಳಿಗೂ ಒಂದು ಕೆಲಸ ಬೇಕಾಗಬಹುದು ಅನ್ನೋ ಯೋಚನೆ ಬಂದದ್ದು ತೀರಾ ತಡವಾಗಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಸಿಪಾಯಿಗಳ ಗಂಡುಮಕ್ಕಳಿಗಾಗಿ ಕಿಂಗ್ ಜಾರ್ಜ್ ಮಿಲಿಟರಿ ಶಾಲೆಗಳನ್ನು ಶುರುಮಾಡಿದರು. 1922ರಲ್ಲಿ ಅಡಿಗಲ್ಲು ಬಿತ್ತು. ಈ ಸಾಲಿನ ಶಾಲೆಗಳು ನಮ್ಮ ಕಡೆಗೂ ಬಂದವು, 1945ರಲ್ಲಿ ಬೆಳಗಾವಿಗೆ, 1946ರಲ್ಲಿ ಬೆಂಗಳೂರಿಗೆ. ಸ್ವಾತಂತ್ರ್ಯ ಬಂದ ಮೇಲೆ 1963ರಲ್ಲಿ ವಿಜಯಪುರದಲ್ಲಿ ಸೈನಿಕ ಶಾಲೆ ತೆರೆಯಿತು, ಅದೂ ಗಂಡುಹುಡುಗರಿಗೇ. ಸೈನಿಕ ಶಾಲೆಗಳ ಬಾಗಿಲು ದೇಶದಾದ್ಯಂತ ಹೆಣ್ಣುಮಕ್ಕಳಿಗೆ ತೆರೆದದ್ದು 2021-22ರಲ್ಲಿ. ಮಗನಿಗೆ ಮೊದಲು, ಮಗಳಿಗೆ ನೂರು ವರ್ಷ ಬಿಟ್ಟು. ಹೆಂಡತಿಗೆ? ಅವಳ ಪಾಲಿಗೆ ಬಂದದ್ದು ಪಿಂಚಣಿ ಪುಸ್ತಕ.

1966ರಲ್ಲಿ ಸೇನಾ ಪತ್ನಿಯರ ಕಲ್ಯಾಣ ಸಂಘ ನೋಂದಣಿಯಾಯಿತು. ಒಳ್ಳೆಯ ಕೆಲಸ ಮಾಡಿದ ಸಂಸ್ಥೆ ಅದು. ಆದರೆ ಅದರ ಅಧ್ಯಕ್ಷೆ ಯಾರು ಅಂದರೆ ಭೂಸೇನಾ ಮುಖ್ಯಸ್ಥರ ಪತ್ನಿ. ಅಲ್ಲೂ ಹೆಂಗಸಿನ ಸ್ಥಾನ ಬರೋದು ಗಂಡನ ಹುದ್ದೆಯಿಂದಲೇ. 1971ರ ಯುದ್ಧ ಮುಗಿದಾಗ ಮಡಿದವರ ಮಕ್ಕಳ ಶಾಲಾ ಶುಲ್ಕವನ್ನು ಸರ್ಕಾರ ವಹಿಸಿಕೊಂಡಿತು. ಹೆಂಡತಿಯರ ಪರವಾಗಿ ಎದ್ದು ನಿಂತವರು ವಿ. ಮೋಹಿನಿ ಗಿರಿ. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದು, ಆಗ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರ ಸೊಸೆ. 1972ರಲ್ಲಿ ಅವರು ಯುದ್ಧ ವಿಧವೆಯರ ಸಂಘ ಕಟ್ಟಿದರು.

ಈ ವಿಷಯದಲ್ಲಿ ನಾವೊಬ್ಬರೇ ಹಿಂದೆ ಬಿದ್ದವರು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಯುದ್ಧದಲ್ಲಿ ಮಡಿದವರ ಮಕ್ಕಳ ಓದಿಗೆ ನೆರವು ನೀಡುವ ಕಾನೂನು 1956ರಲ್ಲಿ ಬಂತು. ವಿಧವೆಯರನ್ನು ಅದಕ್ಕೆ ಸೇರಿಸಿದ್ದು 1968ರಲ್ಲಿ. ಅಲ್ಲೂ ಅಮ್ಮನ ಸರದಿ ಮಕ್ಕಳಾದ ಮೇಲೆಯೇ.

ಓದಿದರೆ ಏನಾಗುತ್ತದೆ ಅನ್ನೋದಕ್ಕೆ ಕಣ್ಣಮುಂದೆ ಉದಾಹರಣೆ ಇದೆ. ಕರ್ನಲ್ ಸಂತೋಷ್ ಮಹಾಡಿಕ್ 2015ರ ನವೆಂಬರ್‌ನಲ್ಲಿ ಕಾಶ್ಮೀರದ ಕುಪ್ವಾರಾದಲ್ಲಿ ಹುತಾತ್ಮರಾದರು. ಅವರ ಪತ್ನಿ ಸ್ವಾತಿ, ಇಬ್ಬರು ಮಕ್ಕಳ ತಾಯಿ, ವಯಸ್ಸಿನ ಮಿತಿಯಲ್ಲಿ ವಿನಾಯಿತಿ ಪಡೆದು ಚೆನ್ನೈನಲ್ಲಿ ತರಬೇತಿ ಮುಗಿಸಿ 2017ರ ಸೆಪ್ಟೆಂಬರ್‌ನಲ್ಲಿ ಲೆಫ್ಟಿನೆಂಟ್ ಆದರು. ಛಲ ಅವರದೇ, ಎರಡು ಮಾತಿಲ್ಲ. ಆದರೆ ಆ ಬಾಗಿಲಿಗೊಂದು ಬೀಗವಿದೆ, ಅದರ ಕೀಲಿ ಪದವಿ. ಅವರ ಕೈಯಲ್ಲಿ ಅದು ಮೊದಲೇ ಇತ್ತು.

ನಮ್ಮ ಸೊಕ್ಕೆಯ ಕಡೆ ನಿಂತು ಯೋಚಿಸಿ. ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಜಿಲ್ಲೆ ಬದಲಾಯಿತು, ಬರ ಬದಲಾಗಲಿಲ್ಲ. ಮಳೆ ನಂಬಿದ ಊರಲ್ಲಿ ಹುಡುಗ ಮಿಲಿಟರಿ ಸೇರಿದರೆ ಮನೆಗೆ ತಿಂಗಳ ಸಂಬಳ ಬರುತ್ತದೆ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಹುಡುಗಿಯನ್ನು ತಂದು ಮದುವೆ ಮಾಡುತ್ತಾರೆ. ಅವನು ಗಡಿಗೆ ಹೋದ ಮೇಲೆ ಅತ್ತೆ-ಮಾವ, ಹೊಲ, ದನ, ಮಕ್ಕಳ ಹೋಂವರ್ಕು, ಬ್ಯಾಂಕು ಎಲ್ಲ ಅವಳ ತಲೆ ಮೇಲೆ.

ಅವನಿಗೆ ಏನಾದರೂ ಆಯಿತು ಅನ್ನಿ. ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಧನಸಹಾಯ ಇದೆ. ತಿಂಗಳಿಗೆ 1,000 ರೂಪಾಯಿ ಇದ್ದದ್ದು 2025ರ ನವೆಂಬರ್‌ನಿಂದ 2,000 ಆಗಿದೆ. ಮಕ್ಕಳಿಗಾದರೆ ಒಂದನೇ ತರಗತಿಯಿಂದ ಪದವಿವರೆಗೆ ಕೊಡುತ್ತಾರೆ, ಇಬ್ಬರು ಮಕ್ಕಳಿಗೆ. ಅವರ ಅಮ್ಮನಿಗೆ? ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಮಾತ್ರ! ಪ್ರಧಾನ ಮಂತ್ರಿ ವಿದ್ಯಾರ್ಥಿವೇತನದಲ್ಲಿ ವಿಧವೆಯರಿಗೂ ಅವಕಾಶ ಇದೆ, ಆದರೆ ಅದು ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಕೋರ್ಸಿಗೆ. ಪಿಯುಸಿ ಓದಿದವಳು ಬಿಎ, ಬಿಕಾಂ ಮಾಡುತ್ತೇನೆ ಅಂದರೆ ನಡುವಿನ ಮೆಟ್ಟಿಲೇ ಇಲ್ಲ. ಏಣಿ ಇದೆ, ಅದು ನೆಲ ಮುಟ್ಟುವುದಿಲ್ಲ.

ಬದಲಾವಣೆ ಆಗೋದೇ ಇಲ್ಲ ಅಂತಲ್ಲ. 2023ರ ಜನವರಿಯಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಒಂದು ತೀರ್ಪು ಕೊಟ್ಟರು. ಮಾಜಿ ಸೈನಿಕರ ಅವಲಂಬಿತರ ಗುರುತಿನ ಚೀಟಿ ಮಗಳಿಗೆ ಮದುವೆಯಾಗುವವರೆಗೆ ಮಾತ್ರ ಅನ್ನೋ ಷರತ್ತನ್ನು ಹೊಡೆದುಹಾಕಿದರು. ಮಗನ ಮದುವೆ ಅಡ್ಡಿಯಲ್ಲ ಅಂದಮೇಲೆ ಮಗಳದ್ದು ಯಾಕೆ ಅಡ್ಡಿ ಅನ್ನೋದು ವಾದ. ಬರೀ ಗಂಡಸರನ್ನು ಸೂಚಿಸುವ 'ಎಕ್ಸ್-ಸರ್ವಿಸ್‌ಮೆನ್' ಅನ್ನೋ ಪದವನ್ನೇ ಬದಲಿಸಿ ಅಂತ ಕೇಂದ್ರಕ್ಕೆ ಹೇಳಿದರು. ಆ ಪ್ರಶ್ನೆ ಎತ್ತಿದ್ದು ಹುತಾತ್ಮ ಯೋಧರೊಬ್ಬರ ಮಗಳು, ಸಹಾಯಕ ಪ್ರಾಧ್ಯಾಪಕಿ ಹುದ್ದೆಗೆ ಅರ್ಜಿ ಹಾಕಲು ಹೊರಟವಳು. ಓದಿದ್ದಳು, ಅದಕ್ಕೇ ಕೇಳಿದಳು.

ಹುತಾತ್ಮನ ಹೆಂಡತಿಯನ್ನು ನಾವೀಗ ವೀರನಾರಿ ಅನ್ನುತ್ತೇವೆ, ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ತಪ್ಪಲ್ಲ. ಆದರೆ ಆ ಗೌರವಕ್ಕೆ ಗಂಡ ಸಾಯಬೇಕು. ಗಡಿಯಲ್ಲಿ ಗಂಡ ಬದುಕಿರುವಾಗಲೇ ಮನೆ ನಡೆಸುವವಳಿಗೆ ಶಾಲೂ ಇಲ್ಲ, ಶುಲ್ಕವೂ ಇಲ್ಲ. ಮಕ್ಕಳಿಗೆ ಕೊಡುವ ಆ 2,000 ರೂಪಾಯಿಯ ಸಾಲಿನಲ್ಲಿ ಅಮ್ಮನ ಬಿಎಯನ್ನೂ ಸೇರಿಸಲಿ. ನಿಯಮದಲ್ಲಿ ಬದಲಾಗಬೇಕಾದ್ದು ಒಂದೇ ಒಂದು ಸಾಲು.