ಹರಿದುಹಾಕಿದ ಚೀಟಿ

ರಾಜಕೋಟೆಯ ಮನೆಯಲ್ಲಿ ದಿವಾನಗಿರಿ ಮಾಡಿ ಹೆಸರಾಗಿದ್ದ ಕರಮಚಂದ ಗಾಂಧಿಯವರು ಭಗಂದರ ರೋಗದಿಂದ ಹಾಸಿಗೆ ಹಿಡಿದಿದ್ದರು. ಹಾಸಿಗೆಯೆಂದರೆ ಬರಿಯ ಮರದ ಹಲಗೆ. ಹದಿನೈದರ ಹರೆಯದ ಮಗ ಮೋಹನದಾಸ ನಡುಗುತ್ತ ಅವರ ಕೈಗೊಂದು ಚೀಟಿ ಕೊಟ್ಟು ಎದುರಿಗೆ ಕುಳಿತ. ಅಣ್ಣ ಮಾಡಿದ್ದ ಸುಮಾರು 25 ರೂಪಾಯಿ ಸಾಲ ತೀರಿಸಲು ಅವನದೇ ಚಿನ್ನದ ತೋಳಬಂದಿಯಿಂದ ಚೂರೊಂದನ್ನು ಕತ್ತರಿಸಿ ತೆಗೆದದ್ದು ತಾನೆಂದು ಅದರಲ್ಲಿ ಬರೆದಿತ್ತು. ತಕ್ಕ ಶಿಕ್ಷೆ ಕೊಡಬೇಕು, ಆದರೆ ಮಗನ ತಪ್ಪಿಗೆ ತಂದೆ ತಮ್ಮನ್ನು ತಾವು ದಂಡಿಸಿಕೊಳ್ಳಬಾರದು ಎಂಬ ಬೇಡಿಕೆಯೂ ಇತ್ತು.

ಕರಮಚಂದರು ಮುಂಗೋಪಿ. ಹಾಗೆಂದು ಆತ್ಮಕಥೆಯಲ್ಲಿ ಬರೆದವನು ಮಗನೇ. ಬಿರುನುಡಿಯಾಡುತ್ತಾರೆ, ಹಣೆ ಚಚ್ಚಿಕೊಳ್ಳುತ್ತಾರೆ ಎಂದು ಹುಡುಗ ಅಂಜಿದ್ದ. ಅವರು ಎದ್ದು ಕುಳಿತು ಓದಿದರು. ಕಣ್ಣೀರಿಗೆ ಚೀಟಿ ತೊಯ್ದಿತು. ಕ್ಷಣಕಾಲ ಕಣ್ಣು ಮುಚ್ಚಿ ಯೋಚಿಸಿ, ಅದನ್ನು ಹರಿದುಹಾಕಿ ಮತ್ತೆ ಮಲಗಿಕೊಂಡರು. 1885ರಲ್ಲಿ ಅವರು ತೀರಿಕೊಂಡರು. ಆ ಚೀಟಿಯ ಪ್ರಸಂಗ ತನಗೆ ಅಹಿಂಸೆಯ ಪಾಠವಾಯಿತೆಂದು ಗಾಂಧೀಜಿ ಮುಂದೆ ಹೇಳಿಕೊಂಡರು. ಮಗ ತಾನಾಗಿ ತಪ್ಪೊಪ್ಪಿಕೊಂಡು ಬಂದಿದ್ದ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಎದುರು ನಿಂತು ವಾದಿಸುವ ಮಗನೊಡನೆ ಶಾಂತವಾಗಿರುವುದು ಬೇರೆಯೇ ಕಷ್ಟ.

ಆ ಕಷ್ಟ ಗಾಂಧೀಜಿಯ ಪಾಲಿಗೂ ಬಂತು. 1888ರಲ್ಲಿ ಹುಟ್ಟಿದ ಹಿರಿಯ ಮಗ ಹರಿಲಾಲನಿಗೆ ಶಾಲೆ ಕಲಿತು, ತಂದೆಯಂತೆಯೇ ಬ್ಯಾರಿಸ್ಟರ್ ಆಗುವಾಸೆ. ತಂದೆಗೆ ಶಾಲೆಯ ಶಿಕ್ಷಣದ ಮೇಲೆಯೇ ನಂಬಿಕೆ ಹೋಗಿತ್ತು. ದಕ್ಷಿಣ ಆಫ್ರಿಕದಲ್ಲಿ ಮಕ್ಕಳಿಗೆ ಅವರು ತಾವೇ ಬಿಡುವಿದ್ದಾಗ ಪಾಠ ಹೇಳುತ್ತಿದ್ದರು. ಆ ಬಿಡುವಾದರೂ ಎಲ್ಲಿ ಸಿಗಬೇಕು! 1906ರಲ್ಲಿ, ಹದಿನೆಂಟರ ಹರಿಲಾಲ ತಂದೆಗೆ ಇಷ್ಟವಿಲ್ಲದ ವಯಸ್ಸಿನಲ್ಲಿ ಮದುವೆಗೆ ಹೊರಟ. ಸದ್ಯಕ್ಕಂತೂ ಅವನನ್ನು ಮಗನೆಂದು ಭಾವಿಸುವುದನ್ನು ಬಿಟ್ಟಿದ್ದೇನೆಂದು ಗಾಂಧೀಜಿ ಅಣ್ಣ ಲಕ್ಷ್ಮೀದಾಸರಿಗೆ ಬರೆದರು. ಕೂಗಾಟವಿಲ್ಲದ ಮಾತು, ನಿಜ. ಆದರೆ ರಾಜಕೋಟೆಯ ಮೌನಕ್ಕಿದ್ದ ಆರ್ದ್ರತೆ ಅದರಲ್ಲಿಲ್ಲ.

1910ರಲ್ಲಿ ಜೊಹಾನ್ಸ್‌ಬರ್ಗ್ ಸಮೀಪ ಟಾಲ್‌ಸ್ಟಾಯ್ ಫಾರ್ಮ್ ಆರಂಭವಾಯಿತು. ಅಲ್ಲಿ ಹದಿನೇಳರ ಸುಮಾರಿನ ಒಬ್ಬ ಜಗಳಗಂಟ ಹುಡುಗನಿದ್ದ. ಒಂದು ದಿನ ಅವನ ಅಟಾಟೋಪ ಮಿತಿಮೀರಿದಾಗ ಗಾಂಧೀಜಿ ಕೈಗೆ ಸಿಕ್ಕ ರೂಲುದೊಣ್ಣೆಯಿಂದ ಅವನ ತೋಳಿಗೆ ಹೊಡೆದೇಬಿಟ್ಟರು. ಹೊಡೆಯುವಾಗ ತಾವೇ ನಡುಗಿದರು. ಗಟ್ಟಿಮುಟ್ಟಾದ ಹುಡುಗ, ತಿರುಗಿಬೀಳಬಹುದಿತ್ತು. ಅತ್ತು ಕ್ಷಮೆ ಕೇಳಿದ. ಮುಂದೆ ಅವನು ಎದುರಾಡಲಿಲ್ಲವಂತೆ. ಆದರೂ ಅಂದು ತಾನು ತೋರಿಸಿದ್ದು ಆತ್ಮಶಕ್ತಿಯನ್ನಲ್ಲ, ತನ್ನೊಳಗಿನ ಪಶುವನ್ನು ಎಂಬ ಕೊರಗು ಅವರಿಗೆ ಉಳಿಯಿತು. ಪರರ ಮಗನ ವಿಷಯದಲ್ಲಿ ಇಷ್ಟು ಬೇಗ ಎಚ್ಚೆತ್ತ ಮನಸ್ಸು ಸ್ವಂತ ಮಗನ ದೂರಿಗೆ ಕಿವಿಗೊಡಲು ತಡಮಾಡಿತು.

ಹರಿಲಾಲ ಅಪ್ಪನ ಹೋರಾಟಕ್ಕೆ ಬೆನ್ನು ತಿರುಗಿಸಿದವನಲ್ಲ. ಸತ್ಯಾಗ್ರಹದಲ್ಲಿ ಹಲವು ಸಲ ಜೈಲಿಗೆ ಹೋಗಿಬಂದಿದ್ದ. ಇಂಗ್ಲೆಂಡಿನಲ್ಲಿ ಓದಲು ಗೆಳೆಯ ಪ್ರಾಣಜೀವನ ಮೆಹ್ತಾ ನೀಡಿದ ವಿದ್ಯಾರ್ಥಿವೇತನವನ್ನು ಗಾಂಧೀಜಿ ಮಗನಿಗೆ ಕೊಡದೆ ಬೇರೆಯವರಿಗೆ ಕೊಡಿಸಿದರು. ನಿಷ್ಪಕ್ಷಪಾತವೆಂದು ಊರು ಮೆಚ್ಚಬಹುದಾದದ್ದು ಮಗನಿಗೆ ಅನ್ಯಾಯವಾಗಿ ಕಂಡಿತು. 1911ರ ಮೇ ತಿಂಗಳಲ್ಲಿ ಅವನು ಹೇಳದೆ ಮನೆ ಬಿಟ್ಟ. ಅವನನ್ನು ಹುಡುಕಿ ಕರೆತಂದ ಮೇಲೆ ತಂದೆ ಮಗ ರಾತ್ರಿಯಿಡೀ ಮಾತನಾಡಿದರು. ಓದಲೆಂದು ಭಾರತಕ್ಕೆ ಹೊರಟವನನ್ನು ತಂದೆ ತಡೆಯಲಿಲ್ಲ. ಬೀಳ್ಕೊಡುವಾಗ, ತನ್ನಿಂದ ತಪ್ಪಾಗಿದೆ ಎನಿಸಿದರೆ ಕ್ಷಮಿಸು ಎಂದು ಗಾಂಧೀಜಿಯೇ ಮಗನನ್ನು ಕೇಳಿಕೊಂಡರೆನ್ನುತ್ತಾರೆ.

ಆಗ ಹರಿಲಾಲನಿಗೆ ಇಪ್ಪತ್ತಮೂರು ವರ್ಷ.