ವಾರ್ತೆಗೆ ‘ಸು’ ಸೇರಿದ ಮೇಲೆ

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟು ದಾರಿಯೊಳಗೆ ಕ್ರೈಸ್ತರ ನಾಲಗೆಯ ಮೇಲೆ ಒಂದೇ ಅರ್ಥಕ್ಕೆ ಐದು ಪದಗಳಿವೆ. ಕೊಂಕಣಿಯಲ್ಲಿ ಪೂಜೆ ಕೇಳುವವರು ‘ವಾಂಜೆಲ್’ ಎನ್ನುತ್ತಾರೆ. ಕನ್ನಡದಲ್ಲಿ ಪ್ರಾರ್ಥಿಸುವ ಕಥೋಲಿಕರಿಗೆ ಅದು ‘ಶುಭಸಂದೇಶ’. ಪ್ರಾಟೆಸ್ಟೆಂಟ್ ಸಭೆಗಳ ಸತ್ಯವೇದದಲ್ಲಿ ‘ಸುವಾರ್ತೆ’. ಗಡಿಯಾಚೆಯ ಮರಾಠಿ ಬೈಬಲ್ಲು ಬಲ್ಲವರಿಗೆ ‘ಶುಭವರ್ತಮಾನ’. ಕೇರಳದಿಂದ ಬಂದು ಇಲ್ಲಿ ಸೇವೆ ಮಾಡಿದವರು ತಂದದ್ದು ‘ಸುವಿಶೇಷ’. ಐದರಲ್ಲಿ ಕನ್ನಡದಲ್ಲಿ ಹೆಚ್ಚು ಬೇರುಬಿಟ್ಟದ್ದು ಸುವಾರ್ತೆ. ಯೇಸುವಿನ ಚರಿತ್ರೆಯ ನಾಲ್ಕು ಪುಸ್ತಕಗಳಿಗೂ ಅದೇ ಹೆಸರು, ಅವುಗಳನ್ನು ಸಾರುವ ಕೆಲಸಕ್ಕೂ ಅದೇ ಹೆಸರು. ‘ಸುವಾರ್ತೆ ಓದಿದೆ’ ಎಂದೂ ಹೇಳುತ್ತೇವೆ, ‘ಸುವಾರ್ತೆ ಸಾರಿದೆ’ ಎಂದೂ ಹೇಳುತ್ತೇವೆ. ಈಚೆಗೆ ಮೊದಲನೆಯದೇ ಹೆಚ್ಚಾಗಿ, ಎರಡನೆಯದು ಕಡಿಮೆಯಾಗಿದೆ. ಈ ಪದ ನಡೆದು ಬಂದ ದಾರಿಯನ್ನು ಹಿಡಿದು ಹೋದರೆ ಆ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

‘ವಾರ್ತೆ’ಯ ಮೂಲದಲ್ಲಿರುವುದು ‘ವೃತ್’ ಎಂಬ ಧಾತು. ತಿರುಗು, ಇರು, ನಡೆ, ಬಾಳು ಎಂಬುದು ಅದರ ಅರ್ಥ. ವೃತ್ತಿ, ವೃತ್ತಾಂತ, ಪ್ರವೃತ್ತಿ, ವರ್ತಮಾನ, ವರ್ತನೆ ಇವೆಲ್ಲ ಅದೇ ಬೇರಿನ ಮಕ್ಕಳು. ಹೀಗಾಗಿ ವಾರ್ತೆ ಎಂದರೆ ಮೊದಲು ಬಾಯಿಮಾತಲ್ಲ, ಬದುಕು ಸಾಗುವ ಬಗೆ. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ವಿದ್ಯೆಗಳನ್ನು ಹೇಳುತ್ತದೆ: ಆನ್ವೀಕ್ಷಕಿ, ತ್ರಯೀ, ವಾರ್ತಾ, ದಂಡನೀತಿ. ಅಲ್ಲಿ ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವ್ಯಾಪಾರ. ಒಂದೇ ಮಾತಿನಲ್ಲಿ ಜೀವನೋಪಾಯ. ಹೊಲದಲ್ಲಿ, ಹಟ್ಟಿಯಲ್ಲಿ, ಸಂತೆಯಲ್ಲಿ ಏನು ನಡೆಯಿತು ಎಂಬುದೇ ಊರಿಂದೂರಿಗೆ ಹೋಗುವ ಸುದ್ದಿಯಾಗಿದ್ದರಿಂದ ಪದ ಮೆಲ್ಲಗೆ ಬಾಳಿನಿಂದ ಬಾಯಿಗೆ ಸರಿಯಿತು. ಹಿಂದಿಯ ‘ಬಾತ್’ ಕೂಡ ಇದೇ ವಾರ್ತೆಯ ಸವೆದ ರೂಪ. ನಮ್ಮ ಕಾಲಕ್ಕೆ ಅದು ಆಕಾಶವಾಣಿಯ ‘ವಾರ್ತೆಗಳು’ ಆಗಿ ಮನೆಮನೆ ತಲುಪಿತು.

ಮಹಾಭಾರತದ ಯಕ್ಷ ಧರ್ಮರಾಯನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದು, ವಾರ್ತೆ ಯಾವುದು ಎಂಬುದು. ಧರ್ಮರಾಯ ಅರಮನೆಯ ಸುದ್ದಿ ಹೇಳಲಿಲ್ಲ, ಯುದ್ಧದ ಸುದ್ದಿ ಹೇಳಲಿಲ್ಲ. ಮೋಹವೆಂಬ ಕಡಾಯಿಯಲ್ಲಿ, ಸೂರ್ಯನ ಬೆಂಕಿಯಲ್ಲಿ, ಹಗಲಿರುಳುಗಳ ಸೌದೆಯಿಟ್ಟು, ತಿಂಗಳು ಋತುಗಳ ಸೌಟಿನಿಂದ ತಿರುವುತ್ತ ಕಾಲನು ಜೀವಿಗಳನ್ನು ಬೇಯಿಸುತ್ತಿದ್ದಾನೆ. ಅದೇ ವಾರ್ತೆ ಎಂದ. ಭಾರತೀಯ ಮನಸ್ಸು ವಾರ್ತೆ ಎಂಬ ಪದದೊಳಗೆ ಇಟ್ಟ ಅತಿ ಗಂಭೀರ ಅರ್ಥ ಇದು. ಹುಟ್ಟಿದವರೆಲ್ಲ ಸಾಯುತ್ತಾರೆ ಎಂಬುದೇ ಲೋಕದ ಮುಖ್ಯ ಸುದ್ದಿಯಾದರೆ, ಅದಕ್ಕೆ ‘ಸು’ ಎಂಬ ಉಪಸರ್ಗ ಹಚ್ಚುವುದು ಸಣ್ಣ ಧೈರ್ಯವಲ್ಲ. ಸಾವು ಕೊನೆಯ ಮಾತಲ್ಲ ಎಂದು ನಂಬಿದವರು ಮಾತ್ರ ಆ ಅಕ್ಷರವನ್ನು ಮನಸಾರೆ ಉಚ್ಚರಿಸಬಲ್ಲರು. ಪುನರುತ್ಥಾನದಲ್ಲಿ ವಿಶ್ವಾಸವಿಟ್ಟವರ ಮೇಲೆ ಈ ಒಂದಕ್ಷರದ ಹೊಣೆ ಇದೆ.

ಪಶ್ಚಿಮದಲ್ಲಿ ಇದರ ಜೋಡಿಪದ ಗ್ರೀಕಿನ ‘ಎವಾಂಗೆಲಿಯೋನ್’. ಬಹಳ ಹಳೆಯ ಗ್ರೀಕಿನಲ್ಲಿ ಅದಕ್ಕೆ ಒಳ್ಳೆಯ ಸುದ್ದಿ ಎಂಬ ಅರ್ಥ ಇರಲಿಲ್ಲ. ಒಳ್ಳೆಯ ಸುದ್ದಿ ತಂದವನಿಗೆ ಕೊಡುವ ಬಹುಮಾನ ಎಂಬ ಅರ್ಥವಿತ್ತು. ಹೋಮರನ ಒಡಿಸ್ಸಿಯಲ್ಲಿ ಭಿಕ್ಷುಕನ ವೇಷದ ಒಡಿಸ್ಯೂಸ್ ತನ್ನದೇ ಹಂದಿಗಾಹಿಯ ಗುಡಿಸಲಲ್ಲಿ ಕೂತು, ನಿನ್ನ ಒಡೆಯ ಮರಳಿ ಬರುತ್ತಾನೆ, ಬಂದಾಗ ಈ ಸುದ್ದಿಗೆ ನನಗೊಂದು ಹೊದಿಕೆ, ಒಂದು ಅಂಗಿ ಸಿಗಲಿ ಎನ್ನುವಾಗ ಬಳಸುವುದು ಈ ಪದವನ್ನೇ. ಕನ್ನಡಕ್ಕೆ ಈ ಪದ್ಧತಿ ಹೊಸದಲ್ಲ. ವಡ್ಡಾರಾಧನೆಯಂಥ ಹಳಗನ್ನಡದ ಜೈನ ಕಥೆಗಳಲ್ಲಿ ಋಷಿನಿವೇದಕನೆಂಬವನು ಬರುತ್ತಾನೆ. ಊರ ಹೊರಗಿನ ವನಕ್ಕೆ ಮುನಿಗಳು ಬಂದಿದ್ದಾರೆಂದು ಅರಸನಿಗೆ ತಿಳಿಸುವುದು ಅವನ ಕೆಲಸ. ಸುದ್ದಿ ಕೇಳಿದ ಅರಸ ಸಿಂಹಾಸನದಿಂದಿಳಿದು, ಮುನಿಗಳಿರುವ ದಿಕ್ಕಿಗೆ ಏಳು ಹೆಜ್ಜೆ ನಡೆದು ಕೈಮುಗಿಯುತ್ತಾನೆ; ಮೈಮೇಲಿನ ಆಭರಣಗಳನ್ನು ಕಳಚಿ ತಂದವನಿಗೆ ಕೊಡುತ್ತಾನೆ. ಆ ಕೊಡುಗೆಗೆ ‘ಅಂಗಚಿತ್ತ’ ಎಂದು ಹೆಸರು. ಒಳ್ಳೆಯ ಸುದ್ದಿ ಕೇಳಿದವನು ಕೂತಲ್ಲೇ ಕೂರುವುದಿಲ್ಲ ಎಂಬುದನ್ನು ಆ ಏಳು ಹೆಜ್ಜೆಗಳು ಹೇಳುತ್ತವೆ.

ರೋಮನ್ ಸಾಮ್ರಾಜ್ಯದಲ್ಲಿ ಗ್ರೀಕ್ ಪದ ರಾಜಕೀಯಕ್ಕೆ ಸಿಕ್ಕಿತು. ಕ್ರಿ.ಪೂ. 9ರ ಪ್ರಿಯೀನೆಯ ಶಾಸನ ಚಕ್ರವರ್ತಿ ಅಗಸ್ಟಸನ ಹುಟ್ಟುಹಬ್ಬವನ್ನು ಲೋಕಕ್ಕೆ ಒಳ್ಳೆಯ ಸುದ್ದಿಗಳ ಆರಂಭ ಎಂದು ಕೊಂಡಾಡುತ್ತದೆ. ಕೆಲವು ದಶಕಗಳ ಬಳಿಕ ಮಾರ್ಕನು ತನ್ನ ಪುಸ್ತಕದ ಮೊದಲ ವಾಕ್ಯದಲ್ಲೇ ಅದೇ ಪದವನ್ನು ಎತ್ತಿಕೊಂಡು, ಚಕ್ರವರ್ತಿಯಿಂದ ಬಿಡಿಸಿ, ಅದೇ ಸಾಮ್ರಾಜ್ಯ ಶಿಲುಬೆಗೇರಿಸಿದ ನಜರೇತಿನ ಬಡಗಿಗೆ ಕೊಟ್ಟ. ಅವನ ಹಿಂದೆ ಯೆಶಾಯನ ನೆನಪೂ ಇತ್ತು. ಪ್ರವಾದಿ ಯೆಶಾಯ ಹೊಗಳಿದ್ದು ಶುಭಸುದ್ದಿ ತರುವವನ ದನಿಯನ್ನಲ್ಲ, ಬೆಟ್ಟಗಳ ಮೇಲೆ ನಡೆದು ಬರುವ ಅವನ ಪಾದಗಳನ್ನು. ಅಲ್ಲಿಂದ ಮುಂದೆ ಪದದ ಆರ್ಥಿಕತೆಯೇ ತಲೆಕೆಳಗಾಯಿತು. ಮೊದಲು ಸುದ್ದಿ ತಂದವನಿಗೆ ಬಹುಮಾನ. ಈಗ ಸುದ್ದಿ ತರುವವನೇ ಅದರ ಬೆಲೆ ತೆರುವವನು.

ನಮ್ಮ ಕಡಲಿಗೆ ಈ ಪದ ಲ್ಯಾಟಿನ್, ಪೋರ್ಚುಗೀಸ್ ಬಾಯಿಗಳನ್ನು ಹಾದು ಬಂತು. ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡ ಕೋಟೆ ಕಟ್ಟಿಸಿದ. ಆ ದ್ವೀಪದ ಬ್ರೋತಾಸ್ ಮಾತೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರ ನೆನಪು ಈ ಕಡೆಯ ಮನೆಗಳಲ್ಲಿ ಇನ್ನೂ ಇದೆ. ಈಗ ದ್ವೀಪ ನೌಕಾಪಡೆಯ ಸುಪರ್ದಿಯಲ್ಲಿದೆ. ‘ಎವಾಂಜೆಲ್ಯು’ ಕೊಂಕಣಿಗೆ ಬಂದು ತಲೆಯ ಸ್ವರ ಕಳೆದುಕೊಂಡು ‘ವಾಂಜೆಲ್’ ಆಯಿತು. ಅದೇ ಪದ ಅರಬ್ಬಿಯಲ್ಲಿ ‘ಇಂಜೀಲ್’ ಆಗಿ ನೆರೆಯ ಮುಸಲ್ಮಾನರಿಗೂ ಪರಿಚಿತ. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕೊಂಕಣಿ ಕುಟುಂಬಗಳು ಹೊಲ, ಮನೆಗಳನ್ನು ಬಿಟ್ಟು, ಭಾಷೆಯ ಜೊತೆಗೆ ಈ ಪದವನ್ನೂ ಕಟ್ಟಿಕೊಂಡು ಬಂದವು.

ಆ ಕುಟುಂಬಗಳ ನಡುವೆ 1681ರಿಂದ 1684ರವರೆಗೆ ಓಡಾಡಿದವರು ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್. ಕೆನರಾದಲ್ಲಿ ಚದುರಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸಿ, ಇಗರ್ಜಿ ಶಾಲೆಗಳಿಗೆ ನೆಲೆ ಮಾಡಿಕೊಟ್ಟ ಮೇಲೆ ಅವರು ಹೊರಟದ್ದು ಡಚ್ಚರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿಲ್ಲದ ಸಿಂಹಳಕ್ಕೆ. ಬಡ ಕೂಲಿಯವನ ವೇಷದಲ್ಲಿ ಒಳಹೊಕ್ಕರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. 1697ರಲ್ಲಿ ಸಿಡುಬು ಬಂದು ಜನ ಊರು ಬಿಟ್ಟು ಓಡಿದಾಗ ರೋಗಿಗಳ ಬಳಿ ಉಳಿದು, ಇವರು ಯಾವ ಧರ್ಮದವರೆಂದು ಕೇಳದೆ ಆರೈಕೆ ಮಾಡಿದರು. ಕ್ಯಾಂಡಿಯ ಬೌದ್ಧ ಅರಸನೇ ಅವರಿಗೆ ಮುಕ್ತವಾಗಿ ಓಡಾಡಲು ಅನುಮತಿ ಕೊಟ್ಟ. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಸಾರಿದರು. ವಾಂಜೆಲ್ ಎಂಬ ಪದಕ್ಕೆ ನಮ್ಮ ಕರಾವಳಿ ಕಂಡ ಶ್ರೇಷ್ಠ ವ್ಯಾಖ್ಯಾನ ಆ ಬದುಕು.

ಕನ್ನಡದ ‘ಸುವಾರ್ತೆ’ ಬೇರೆ ದಾರಿಯಲ್ಲಿ ಬೆಳೆಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಆ ಪದಕೋಶವನ್ನು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳ ನಡುವೆ ಬಳಕೆಗೆ ತಂದಿತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಸುವಾರ್ತೆ ಸಾರಲು ಬಂದವರ ಕೈಯಿಂದಲೇ ಕನ್ನಡಕ್ಕೆ ದಿನದ ವಾರ್ತೆಯ ಅಚ್ಚೂ ಬಂತು. ಜನರ ಭಾಷೆ, ಜನರ ಬದುಕು, ಜನರ ನಿತ್ಯದ ಆಗುಹೋಗು ಇವುಗಳಿಂದ ದೂರ ನಿಂತು ಒಳ್ಳೆಯ ಸುದ್ದಿ ಹೇಳಲಾಗದು ಎಂದು ಅವರಿಗೆ ಗೊತ್ತಿತ್ತು.

ಅಂಕೋಲೆಗೆ ಈ ಪದ ದಕ್ಷಿಣದಿಂದ, ಮಲಯಾಳದ ‘ಸುವಿಶೇಷ’ವಾಗಿ ಬಂತು. ಕೇರಳದ ಮಾರ್ತೋಮಾ ಸಭೆಯವರು 1888ರಲ್ಲಿ ಸುವಾರ್ತಾ ಸಂಘವೊಂದನ್ನು ಕಟ್ಟಿದರು. ಅದರ ಬೆನ್ನಿಗಿದ್ದವರು ವಿದೇಶಿ ಮಿಷನರಿಗಳಲ್ಲ, ತಮ್ಮದೇ ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೂಡಿಸಿದ ಸಾಮಾನ್ಯ ಸಭಿಕರು. ಆ ಸಂಘದ ಕೇರಳದಾಚೆಯ ಕ್ಷೇತ್ರಗಳಲ್ಲಿ ಉತ್ತರ ಕನ್ನಡವೂ ಒಂದು. 1940ರ ಹೊತ್ತಿಗೆ ಅಂಕೋಲೆಯಲ್ಲಿ ಕ್ರಿಸ್ತಮಿತ್ರ ಆಶ್ರಮ ತಲೆಯೆತ್ತಿತು. ಹೆಸರನ್ನು ಗಮನಿಸಬೇಕು. ಮಿಷನ್ ಎನ್ನಲಿಲ್ಲ, ಆಶ್ರಮ ಎಂದರು. ಬೋಧಕ ಎನ್ನಲಿಲ್ಲ, ಮಿತ್ರ ಎಂದರು. ಆಲುವಾದ ಕಾಲೇಜಿನಿಂದ ಪದವಿ ಮುಗಿಸಿದ ಒಬ್ಬ ತರುಣ ಆಗ ಸುವಾರ್ತಿಕನಾಗಿ ಆ ಆಶ್ರಮಕ್ಕೆ ಬಂದ. ಮುಂದೆ 1953ರಲ್ಲಿ ಬಿಷಪ್ ಆಗಿ, ಸಭೆಯ ಪರಮಾಧ್ಯಕ್ಷರಾಗಿ, 2018ರಲ್ಲಿ ಪದ್ಮಭೂಷಣ ಪಡೆದು, 2021ರಲ್ಲಿ 103ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ ಫಿಲಿಪೋಸ್ ಮಾರ್ ಕ್ರಿಸೋಸ್ಟಮ್ ಅವರೇ ಆ ತರುಣ. ಕೇರಳದ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ತಮ್ಮವರೆಂದು ಪ್ರೀತಿಸಿದ ಆ ಹಿರಿಯರ ಸೇವಾಜೀವನದ ಮೊದಲ ಪಾಠಶಾಲೆ ನಮ್ಮ ಅಂಕೋಲೆ.

ಅಂಕೋಲೆಗೆ ಸುದ್ದಿಯ ಬೆಲೆ ಗೊತ್ತಿದ್ದದ್ದು ಅದಕ್ಕೂ ಮೊದಲು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿನ ಕಡಲತಡಿಯಲ್ಲಿ ಉಪ್ಪಿನ ಕಾನೂನು ಮುರಿದ ಸುದ್ದಿ ಹಳ್ಳಿಹಳ್ಳಿಗೆ ಕಾಲ್ನಡಿಗೆಯಲ್ಲಿ ಹೋಯಿತು. ಕೇಳಿದವರು ಕರ ನಿರಾಕರಿಸಿದರು, ಜಮೀನು ಕಳೆದುಕೊಂಡರು, ಜೈಲು ಕಂಡರು. ಯಾವ ಸುದ್ದಿಯನ್ನು ನಿಜವೆಂದು ನಂಬಿದರೋ ಅದಕ್ಕಾಗಿ ಹೊಲ ಬಿಟ್ಟುಕೊಟ್ಟ ರೈತರ ನಾಡಿನಲ್ಲಿ, ನಂಬಿದ್ದೇನೆ ಎಂದು ಹೇಳಿಕೊಂಡು ಸುಮ್ಮನಿರುವುದು ಸುಲಭದ ಮಾತಲ್ಲ.

ಆದರೂ ಸುಮ್ಮನಿರುವುದೇ ಇಂದು ನಮ್ಮ ಸಭೆಗಳ ರೋಗ. ಸುವಾರ್ತೆ ನಮಗೆ ಹೆಚ್ಚಾಗಿ ಒಂದು ಪುಸ್ತಕವಾಗಿದೆ. ಭಾನುವಾರ ಎದ್ದು ನಿಂತು ಕೇಳುತ್ತೇವೆ, ಕೂರುತ್ತೇವೆ, ಮನೆಗೆ ಹೋಗುತ್ತೇವೆ. ಸಾರುವ ಕೆಲಸ ಸಭಾಪಾಲಕರದು, ಪಾದ್ರಿಗಳದು, ಕನ್ಯಾಸ್ತ್ರೀಯರದು ಎಂದು ಹಂಚಿಕೊಟ್ಟಿದ್ದೇವೆ. ಪೋಪ್ ಆರನೆಯ ಪೌಲರು 1975ರ ಡಿಸೆಂಬರ್ 8ರಂದು ಹೊರಡಿಸಿದ ಪತ್ರ ಈ ಹಂಚಿಕೆಯನ್ನೇ ತಿದ್ದಿತು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಸಾರುವವರೇ. ಇಂದಿನ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತಿಗೆ ಕಿವಿಗೊಡುತ್ತಾನೆ ಎಂಬುದು ಅದರ ತಿರುಳು. ಕೆಲವೇ ವಾರಗಳ ಬಳಿಕ, 1976ರ ಜನವರಿಯಲ್ಲಿ, ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ ಹುಟ್ಟಿತು. ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಅದರ ಮೊದಲ ಬಿಷಪ್ ಆದರು. ಆ ಕರೆಯ ಸದ್ದಿನಲ್ಲೇ ಹುಟ್ಟಿದ ಧರ್ಮಪ್ರಾಂತದ ಮಕ್ಕಳು ನಾವು ಎಂಬುದನ್ನು ಮರೆಯಬಾರದು.

ಸಾರುವುದೆಂದರೆ ಏನು ಎಂಬುದನ್ನೂ ಪದವೇ ಕಲಿಸುತ್ತದೆ. ನಮ್ಮ ಆಡುಮಾತಿನ ‘ಸುದ್ದಿ’ ಸಂಸ್ಕೃತದ ‘ಶುದ್ಧಿ’ಯ ತದ್ಭವ; ಕಲಬೆರಕೆ ತೆಗೆದು ಖಚಿತಪಡಿಸಿಕೊಂಡದ್ದು ಸುದ್ದಿ. ಆಮಿಷ ಬೆರೆತರೆ ಅದು ವ್ಯಾಪಾರ, ಬೆದರಿಕೆ ಬೆರೆತರೆ ದಬ್ಬಾಳಿಕೆ, ನೆರೆಯವರ ದೇವರ ನಿಂದೆ ಬೆರೆತರೆ ಜಗಳ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ವಿವರಿಸಿ, ತನ್ನ ಧರ್ಮದ ತತ್ತ್ವಗಳನ್ನು ತಿಳಿಯಹೇಳುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದಿತು. ಸುವಾರ್ತೆಯ ಸ್ವಭಾವಕ್ಕೆ ಇದರಿಂದ ಕುಂದಿಲ್ಲ. ಸುದ್ದಿಯನ್ನು ಹೇಳಬಹುದು, ಹೇರಲು ಬರುವುದಿಲ್ಲ. ಒಪ್ಪುವುದೂ ಬಿಡುವುದೂ ಕೇಳುವವರ ಸ್ವಾತಂತ್ರ್ಯ. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರಿಸಲು ಸಿದ್ಧರಾಗಿರಿ ಎಂದು ಪೇತ್ರನು ಬರೆದದ್ದೂ ಇದನ್ನೇ. ಆದರೆ ಅದಕ್ಕೊಂದು ಮುನ್ನಿಬಂಧನೆ ಇದೆ: ಯಾರಾದರೂ ಕೇಳಬೇಕು ಎನ್ನಿಸುವಂತೆ ನಾವು ಬಾಳುತ್ತಿರಬೇಕು.

ಅಲ್ಲಿಗೆ ಪದ ತನ್ನ ಬೇರಿಗೇ ಮರಳಿತು. ವಾರ್ತೆ ಮತ್ತು ವರ್ತನೆ ಒಂದೇ ಬೇರಿನವು. ಬೇರಾದರೆ ಎರಡೂ ಒಣಗುತ್ತವೆ. ಬಂದರಿನಲ್ಲಿ ಮೀನು ತೂಗುವ ಕೈ ಪ್ರಾಮಾಣಿಕವಾಗಿದ್ದರೆ, ಆಸ್ಪತ್ರೆಯ ಹಾಸಿಗೆಯ ಪಕ್ಕದ ಮಾತು ಮೃದುವಾಗಿದ್ದರೆ, ತರಗತಿಯ ಹಿಂದಿನ ಬೆಂಚಿನ ಮಗುವಿನ ಮೇಲೂ ಕಣ್ಣಿದ್ದರೆ, ನೆರೆಮನೆಯ ಸಾವಿಗೆ ಮೊದಲು ಓಡುವ ಕಾಲು ನಮ್ಮದಾಗಿದ್ದರೆ, ಆಗ ಬಾಯಿ ತೆರೆದು ಯೇಸುವಿನ ಹೆಸರು ಹೇಳಲು ನಮಗೆ ಅರ್ಹತೆ ಬರುತ್ತದೆ. ಅರ್ಹತೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರುವುದೂ ತಪ್ಪು. ಒಳ್ಳೆಯ ಬಾಳು ಬಾಳಿದರೆ ಸಾಕು, ಹೇಳಬೇಕಿಲ್ಲ ಎಂಬುದು ನಮ್ಮ ಸಂಕೋಚ ಕಟ್ಟಿಕೊಂಡ ನೆಪ. ವಾರ್ತೆ ಹೇಳಿದಾಗಲೇ ವಾರ್ತೆ.

ಆದ್ದರಿಂದ ಕಾರವಾರ, ಅಂಕೋಲೆಯ ಸಭೆಗಳ ಸಹೋದರ ಸಹೋದರಿಯರಲ್ಲಿ ನನ್ನ ಬಿನ್ನಹ ಇಷ್ಟು. ಮುಂದಿನ ಭಾನುವಾರ ಸುವಾರ್ತೆ ಕೇಳಿದ ಮೇಲೆ, ಆ ವಾರ ಅದನ್ನು ಯಾರ ಬಳಿಗೆ ಒಯ್ಯಬೇಕೆಂದು ಒಬ್ಬರ ಹೆಸರನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳಿ. ಮೊದಲು ಅವರ ಕಷ್ಟ ಕೇಳಿ, ಕೈಲಾದದ್ದು ಮಾಡಿ, ಅವರು ಕೇಳಿದರೆ ನಿಮ್ಮ ನಿರೀಕ್ಷೆಯ ಕಾರಣವನ್ನು ಅಂಜದೆ, ಒತ್ತಾಯಿಸದೆ ಹೇಳಿ. ಕೆಲಸವನ್ನು ಪಾದ್ರಿಗಳಿಗೆ ಬಿಟ್ಟುಕೊಡಬೇಡಿ. ಆ ಪದದ ಹೊಣೆ ನಿಮ್ಮದೂ ಹೌದು.