ಮಳವಳ್ಳಿ ಕದನದಲ್ಲಿ ಹೈದರಾಬಾದಿನ ದಂಡು

1799ರ ಮಾರ್ಚ್ 27. ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನನ್ನು ಎದುರಿಸಿದ ಬ್ರಿಟಿಷ್ ಸೈನ್ಯದ ಎಡಭಾಗದಲ್ಲಿದ್ದುದು ಹೈದರಾಬಾದ್ ನಿಜಾಮನ ದಂಡು. ನಿಜಾಮನ ಪರವಾಗಿ ಬಂದವನು ಮೀರ್ ಆಲಂ. ಆ ದಂಡನ್ನು ಯುದ್ಧದಲ್ಲಿ ನಡೆಸುವ ಹೊಣೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯದು. ಟಿಪ್ಪುವಿನ ಕಾಲಾಳುಗಳು ಎದೆಗುಂದದೆ ಮುನ್ನುಗ್ಗಿದರು. ಅವರು ತೀರಾ ಸಮೀಪಿಸುವವರೆಗೆ ಕಾದ ಬ್ರಿಟಿಷರ 33ನೇ ರೆಜಿಮೆಂಟ್ ಒಮ್ಮೆಲೇ ಗುಂಡು ಹಾರಿಸಿ, ಬಯೊನೆಟ್ ಹಿಡಿದು ಮೇಲೆರಗಿತು. ಚದುರಿದವರ ಬೆನ್ನು ಹತ್ತಿದ್ದು ಬ್ರಿಟಿಷ್ ಸೇನಾನಿ ಫ್ಲಾಯ್ಡ್‌ನ ಕುದುರೆ ಪಡೆ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ.

ಮಳವಳ್ಳಿ ಕದನಕ್ಕೆ ಕೇವಲ ಐದು ತಿಂಗಳ ಹಿಂದೆ ನಿಜಾಮನ ಸೈನ್ಯಬಲವೆಂದರೆ ಫ್ರೆಂಚ್ ಅಧಿಕಾರಿಗಳ ದಳವಾಗಿತ್ತು. ಫ್ರೆಂಚ್ ಸೇನಾನಿ ರೇಮಂಡ್ ಕಟ್ಟಿ ಬೆಳೆಸಿದ್ದ ಸುಮಾರು 14,000 ಸೈನಿಕರ ಆ ದಳದಿಂದ ಬ್ರಿಟಿಷರು 1798ರ ಅಕ್ಟೋಬರ್ 22ರಂದು ಆಯುಧ ಕಸಿದುಕೊಂಡರು. ಮೈಸೂರಿನ ಸೋಲಿಗೆ ಹಾದಿ ತೆರೆದದ್ದು ಅಂದು, ಹೈದರಾಬಾದಿನಲ್ಲಿ. ಈಜಿಪ್ಟಿನಲ್ಲಿದ್ದ ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪುವಿಗೆ ಬರೆದ ಪತ್ರವೂ ಬ್ರಿಟಿಷರ ಕೈಸೇರಿತು, ಫ್ರೆಂಚರ ನೆರವು ಬರಲೇ ಇಲ್ಲ. ಅದೇ ವೆಲ್ಲೆಸ್ಲಿ 1815ರ ಜೂನ್ 18ರಂದು ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನೇ ಸೋಲಿಸಿದ. ವಾಟರ್‌ಲೂ ಬಲ್ಲ ಕನ್ನಡಿಗರು ಮಳವಳ್ಳಿಯನ್ನು ಮರೆತಿರುವುದು ನೋವಿನ ಸಂಗತಿ.

ರೇಮಂಡ್ ತನ್ನ ದಳ ಚದುರುವ ಮೊದಲೇ, 1798ರ ಮಾರ್ಚ್‌ನಲ್ಲಿ ತೀರಿಕೊಂಡಿದ್ದ. ಅವನ ಸಮಾಧಿ ಹೈದರಾಬಾದ್ ನಗರದ ಪೂರ್ವಕ್ಕೆ, ಆಸ್ಮಾನ್‌ಗಢ ದಿಬ್ಬದ ಮೇಲಿದೆ: ಚೂಪು ತುದಿಯ ಎತ್ತರದ ಕಲ್ಲುಕಂಬ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ನೆಲೆಸಿರುವ ಕನ್ನಡಿಗರೇ, ಮಕ್ಕಳೊಂದಿಗೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.